ವಕೀಲರ ಮೌನಕ್ಕೂ ಲೆಕ್ಕ ಕೇಳಬೇಕು

‘ಕೇಸು ನಡೆಯುತ್ತಿದೆ, ಚಿಂತೆ ಬೇಡ.’ ನಮ್ಮ ಪಟ್ಟಣಗಳ ಎಷ್ಟೋ ಕುಟುಂಬಗಳಿಗೆ ತಮ್ಮದೇ ಮೊಕದ್ದಮೆಯ ಬಗ್ಗೆ ತಿಳಿದಿರುವುದು ಇಷ್ಟೇ. ಆಸ್ತಿ ವಿಭಾಗದ ದಾವೆಯಿರಲಿ, ಅಪಘಾತ ಪರಿಹಾರವಿರಲಿ, ಮಗಳ ಜೀವನಾಂಶದ ಅರ್ಜಿಯಿರಲಿ, ವಕಾಲತ್ ನಾಮಾಕ್ಕೆ ಸಹಿ ಹಾಕಿ ಮುಂಗಡ ಕೊಟ್ಟ ನಂತರ ಕಕ್ಷಿದಾರನು ಕತ್ತಲೆಯಲ್ಲಿ ಉಳಿಯುತ್ತಾನೆ. ಫೋನ್ ಮಾಡಿದರೆ ಉತ್ತರವಿಲ್ಲ, ಕಚೇರಿಗೆ ಹೋದರೆ ವಕೀಲರಿಲ್ಲ. ಇದನ್ನು ನಾವು ದೊಡ್ಡವರ ಬಿಡುವಿಲ್ಲದ ಬದುಕು ಎಂದು ಸಹಿಸಿಕೊಂಡಿದ್ದೇವೆ. ಇದು ಸಹನೆಯಲ್ಲ, ಹಕ್ಕಿನ ಬಗೆಗಿನ ಅಜ್ಞಾನ.

‘ವಕೀಲ’ ಎಂಬುದು ಅರಬಿ ಮೂಲದ ಪದ. ಇನ್ನೊಬ್ಬನ ಪರವಾಗಿ ಹೊಣೆ ವಹಿಸಿಕೊಂಡ ಪ್ರತಿನಿಧಿ ಎಂಬುದೇ ಅದರ ಅರ್ಥ. ಹೊಣೆ ಒಪ್ಪಿಸಿದವನಿಗೆ ವಿಷಯ ತಿಳಿಸದ ಪ್ರತಿನಿಧಿ ಎಂಥ ಪ್ರತಿನಿಧಿ?

ಮೌನದ ಬೆಲೆ ತೆರುವವರು ಯಾರು? ವಿಚಾರಣೆಯ ದಿನ ವಾದಿಯ ಪರವಾಗಿ ಯಾರೂ ಹಾಜರಾಗದಿದ್ದರೆ ದಾವೆ ವಜಾ ಆಗಬಹುದು. ಪ್ರತಿವಾದಿಯ ಪರವಾಗಿ ಯಾರೂ ಇಲ್ಲದಿದ್ದರೆ ಏಕಪಕ್ಷೀಯ ತೀರ್ಪು ಬರಬಹುದು. ಇವನ್ನು ರದ್ದುಪಡಿಸಲು ಅರ್ಜಿ ಹಾಕುವುದಕ್ಕೆ ಸಾಮಾನ್ಯವಾಗಿ ಇರುವ ಅವಧಿ ಕೇವಲ 30 ದಿನ. ಸುದ್ದಿಯೇ ತಿಳಿಯದವನು ಈ ಅವಧಿಯನ್ನು ಬಳಸಿಕೊಳ್ಳುವುದಾದರೂ ಹೇಗೆ?

1981ರಲ್ಲಿ ರಫೀಕ್ ವಿರುದ್ಧ ಮುನ್ಷಿಲಾಲ್ ಪ್ರಕರಣದಲ್ಲಿ, ವಕೀಲರ ಗೈರುಹಾಜರಿಗಾಗಿ ನಿರಪರಾಧಿ ಕಕ್ಷಿದಾರನು ಶಿಕ್ಷೆ ಅನುಭವಿಸಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಆದರೆ ಆ ಒಂದು ತೀರ್ಪನ್ನು ನಂಬಿ ಮನೆಯಲ್ಲಿ ಕೂರುವಂತಿಲ್ಲ. ಅದು ಎಲ್ಲ ಸಂದರ್ಭಕ್ಕೂ ಅನ್ವಯಿಸುವ ನಿಯಮವಲ್ಲ ಎಂದು ಅದೇ ನ್ಯಾಯಾಲಯ 1993ರಲ್ಲಿ ಸ್ಪಷ್ಟಪಡಿಸಿದೆ. ಕಕ್ಷಿದಾರನಲ್ಲಿಯೂ ಎಚ್ಚರವನ್ನು ನ್ಯಾಯಾಲಯ ನಿರೀಕ್ಷಿಸುತ್ತದೆ.

ಇನ್ನೊಂದು ವಿಪರ್ಯಾಸವನ್ನು ನೋಡಿ. ವಕೀಲರ ಸೇವಾಲೋಪವು ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ರಾಷ್ಟ್ರೀಯ ಗ್ರಾಹಕ ಆಯೋಗವು 2007ರಲ್ಲಿ ತೀರ್ಮಾನಿಸಿತ್ತು. 2024ರ ಮೇ 14ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು, ವಕೀಲರು ಕಕ್ಷಿದಾರನ ನೇರ ನಿಯಂತ್ರಣದಲ್ಲಿ ಕೆಲಸ ಮಾಡುತ್ತಾರೆ ಎಂಬುದು! ಕರೆಗೆ ಉತ್ತರವನ್ನೇ ಪಡೆಯಲಾಗದ ಬಡ ವಿಧವೆಯು ಯಾರನ್ನು ನಿಯಂತ್ರಿಸುತ್ತಾಳೆ? ಅಕ್ಕಿಯ ತೂಕದಲ್ಲಿ ಮೋಸವಾದರೆ ಗ್ರಾಹಕ ಆಯೋಗವಿದೆ, ಬದುಕಿನ ದಾವೆಯಲ್ಲಿ ನಿರ್ಲಕ್ಷ್ಯವಾದರೆ ಅಲ್ಲಿ ಬಾಗಿಲಿಲ್ಲ. ಇರಲಿ, ನಿಯಂತ್ರಣ ನಮ್ಮದೆಂದು ನ್ಯಾಯಾಲಯವೇ ಹೇಳಿರುವಾಗ ಅದನ್ನು ಚಲಾಯಿಸಲು ಹಿಂಜರಿಕೆಯೇಕೆ?

ಮೊದಲನೆಯದಾಗಿ, ಕೇಸಿನ ಸಂಖ್ಯೆ ಮತ್ತು 16 ಅಕ್ಷರ-ಅಂಕಿಗಳ ಸಿಎನ್ಆರ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮುಂದಿನ ದಿನಾಂಕವನ್ನು ಮನೆಯ ಮಕ್ಕಳೇ ನೋಡಿ ಹೇಳಬಲ್ಲರು. ಆದೇಶಗಳ ದೃಢೀಕೃತ ಪ್ರತಿಯನ್ನು ಕಕ್ಷಿದಾರನೇ ಅರ್ಜಿ ಸಲ್ಲಿಸಿ ಪಡೆಯಬಹುದು. ಕೊಟ್ಟ ಹಣಕ್ಕೆ ರಸೀದಿ ಕೇಳುವುದು ಅವಮಾನವಲ್ಲ.

ಎರಡನೆಯದಾಗಿ, ಉತ್ತರ ಬಾರದಿದ್ದರೆ ಕೇಸಿನ ಸ್ಥಿತಿಯೇನು, ಮುಂದಿನ ಹೆಜ್ಜೆಯೇನು ಎಂದು ಬರಹದಲ್ಲಿ ಕೇಳಿ, ಅಂಚೆಯ ಮೂಲಕ ಕಳುಹಿಸಿ, ಪ್ರತಿಯೊಂದನ್ನು ಇಟ್ಟುಕೊಳ್ಳಿ. ಬಾಯಿಮಾತಿನ ದೂರಿಗೆ ಸಾಕ್ಷಿಯಿಲ್ಲ.

ಮೂರನೆಯದಾಗಿ, ನಂಬಿಕೆ ಮುರಿದರೆ ವಕೀಲರನ್ನು ಬದಲಾಯಿಸುವ ಹಕ್ಕು ನಿಮ್ಮದು. ಶುಲ್ಕ ಬಾಕಿಯೆಂಬ ನೆಪದಲ್ಲಿ ಕಡತವನ್ನು ತಡೆಹಿಡಿಯುವ ಹಕ್ಕು ವಕೀಲರಿಗಿಲ್ಲ ಎಂದು 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ತೀರ್ಪಿತ್ತಿದೆ. ಬಾಕಿಯಿದ್ದರೆ ಅದನ್ನು ಬೇರೆ ಮಾರ್ಗದಲ್ಲಿ ವಸೂಲು ಮಾಡಲಿ, ಕಾಗದಪತ್ರ ಒತ್ತೆಯಲ್ಲ.

ಕೊನೆಯದಾಗಿ, ನಿರ್ಲಕ್ಷ್ಯವು ವೃತ್ತಿ ದುರ್ನಡತೆಯ ಮಟ್ಟ ಮುಟ್ಟಿದರೆ 1961ರ ವಕೀಲರ ಕಾಯ್ದೆಯ 35ನೇ ಕಲಮಿನಡಿ ರಾಜ್ಯ ವಕೀಲರ ಪರಿಷತ್ತಿಗೆ ದೂರು ನೀಡಬಹುದು. ಎಚ್ಚರಿಕೆ, ಅಮಾನತು, ನೋಂದಣಿಯಿಂದ ಹೆಸರು ತೆಗೆಯುವುದು ಇವೆಲ್ಲ ಅದರ ಅಧಿಕಾರದಲ್ಲಿವೆ. ಒಂದು ವರ್ಷದೊಳಗೆ ಶಿಸ್ತು ಸಮಿತಿ ದೂರನ್ನು ಇತ್ಯರ್ಥಪಡಿಸದಿದ್ದರೆ ಅದು ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗಬೇಕೆಂಬುದು ಕಾಯ್ದೆಯ ಮಾತು. ವಕೀಲರ ತಪ್ಪನ್ನು ವಕೀಲರೇ ವಿಚಾರಿಸುವ ಈ ವ್ಯವಸ್ಥೆಯ ಬಗ್ಗೆ ಸಂಶಯಪಡಲು ಕಾರಣವಿದೆ. ಆದರೆ ದೂರೇ ಬಾರದ ಸಮಿತಿಯು ನಿದ್ರಿಸದೆ ಇನ್ನೇನು ಮಾಡೀತು?

ಎಲ್ಲ ವಕೀಲರನ್ನೂ ದೂಷಿಸುವುದು ನಮ್ಮ ಉದ್ದೇಶವಲ್ಲ. ಹಗಲಿರುಳು ದುಡಿಯುವ, ಬಡವರಿಂದ ಶುಲ್ಕ ಪಡೆಯದ ವಕೀಲರೂ ನಮ್ಮ ನಡುವೆ ಇದ್ದಾರೆ. ದಿನಾಂಕ ಮುಂದೂಡಿಕೆಯು ಅನೇಕ ಸಲ ನ್ಯಾಯಾಲಯದ ಹೊರೆಯ ಫಲ. ಆದರೆ ವಿಳಂಬ ಬೇರೆ, ವಿಳಂಬವನ್ನು ತಿಳಿಸದಿರುವುದು ಬೇರೆ. ಮೊದಲನೆಯದನ್ನು ಕ್ಷಮಿಸಬಹುದು, ಎರಡನೆಯದನ್ನು ಅಲ್ಲ.

ಶುಲ್ಕ ತೆರಲಾಗದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಲಿ. 1987ರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ಪ್ರತಿಯೊಂದು ಜಮಾಅತ್‌ನಲ್ಲಿಯೂ ಇಂಥ ಅರ್ಜಿ ಬರೆದುಕೊಡಬಲ್ಲ ಇಬ್ಬರು ವಿದ್ಯಾವಂತ ಯುವಕ-ಯುವತಿಯರಿದ್ದರೆ ಸಾಕು, ಎಷ್ಟೋ ಮನೆಗಳ ಕತ್ತಲೆ ಸರಿದೀತು. ನ್ಯಾಯಾಲಯದ ಮೆಟ್ಟಿಲೇರಿದವನು ಭಿಕ್ಷುಕನಲ್ಲ. ಅವನ ಪ್ರಶ್ನೆಗೆ ಉತ್ತರ ಕೊಡುವುದು ಉಪಕಾರವಲ್ಲ, ಕರ್ತವ್ಯ.