ಸಾಲ ತೀರಿಸುವವರಿಗೆ ಶಾಲು ಹೊದಿಸಬೇಕೆ?

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಂಡು ಮುಂದೆ ಹೋಗುತ್ತೇನೆ.

ಕಳೆದ ವರ್ಷ ನಮ್ಮ ಬಸವ ಬಳಗದ ಮೂವರು ತುಂಗಭದ್ರೆಯ ದಂಡೆಯ ಒಂದು ಹಳ್ಳಿಗೆ ಹೋಗಿದ್ದೆವು. ನೀರು ಕೆಟ್ಟು ಕಷ್ಟಕ್ಕೆ ಬಿದ್ದ ಜನರಿಗೆಂದು ಹೊರಗಿನ ಹಣದಲ್ಲಿ ಅಲ್ಲೊಂದು ನೆರವಿನ ಕಾರ್ಯಕ್ರಮ ನಡೆದಿತ್ತು. ಅದು ಹೇಗಿದೆ ನೋಡಿ, ನಾಲ್ಕು ಮಾತು ಬರೆದುಕೊಡಿರೆಂದು ಮಠದಿಂದ ಅಪ್ಪಣೆಯಾಗಿತ್ತು. ಶುದ್ಧ ನೀರಿನ ಘಟಕ ನೋಡಿದೆವು. ಕಣ್ಣು ತಪಾಸಣೆಯ ರಿಜಿಸ್ಟರ್ ನೋಡಿದೆವು. ಶಾಲೆಯ ಮಕ್ಕಳ ಹೊಸ ಬ್ಯಾಗು ನೋಡಿದೆವು. ರೊಟ್ಟಿ ಊಟವೂ ಆಯಿತು. ಕಾರು ಹತ್ತುವಾಗ ಕಟ್ಟೆಯ ಮೇಲೆ ಕುಳಿತಿದ್ದ ಮುಪ್ಪಿನ ಅಂಬಿಗನೊಬ್ಬ ಕೇಳಿದ: ‘ಎಲ್ಲಾ ನೋಡಿದ್ರಿ, ಹೊಳಿ ನೋಡಿದ್ರೇನ್ರಿ?’

ನೋಡಿರಲಿಲ್ಲ. ಹೊಳೆ ಇನ್ನೂರು ಹೆಜ್ಜೆ ದೂರದಲ್ಲಿತ್ತು. ಆದರೂ ಮನೆಗೆ ಬಂದು ‘ಕಾರ್ಯಕ್ರಮ ತೃಪ್ತಿಕರವಾಗಿದೆ’ ಎಂದು ಬರೆದುಕೊಟ್ಟವನು ನಾನೇ.

ನಾನು ಬ್ಯಾಡಗಿಯವನು. ನಮ್ಮ ಮಾರುಕಟ್ಟೆಯಲ್ಲಿ ಚೀಲದ ಬಾಯಲ್ಲಿ ಕಾಣುವ ಕೆಂಪು ನೋಡಿ ಮೆಣಸಿನಕಾಯಿಗೆ ಯಾರೂ ದರ ಕಟ್ಟುವುದಿಲ್ಲ. ಅಡಿಗೆ ಕೈ ಹಾಕಿ ಮುರಿದು, ಹಸಿಯೋ ಒಣಗಿದೆಯೋ ತಿಳಿದುಕೊಂಡ ಮೇಲೆಯೇ ಮಾತು. ಆ ವಿದ್ಯೆಯನ್ನು ಆ ದಿನ ಮನೆಯಲ್ಲಿಟ್ಟು ಹೋಗಿದ್ದೆ.

ಇದು ಹೊಸ ಕಥೆಯೇನಲ್ಲ. ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ 1970ರ ದಶಕದಲ್ಲಿ ಆರಂಭವಾಯಿತು. ಹೆಸರು ಹರಿಹರದ್ದಾದರೂ ನೆಲ ರಾಣೆಬೆನ್ನೂರು ತಾಲ್ಲೂಕಿನದು. ನದಿ ದಾಟಿದರೆ ಜಿಲ್ಲೆ ಬೇರೆ. 1956ಕ್ಕೆ ಮುಂಚೆಯಾದರೆ ರಾಜ್ಯವೇ ಬೇರೆ, ಈ ಕಡೆ ಮುಂಬೈ, ಆ ಕಡೆ ಮೈಸೂರು. 1980ರ ದಶಕದಲ್ಲಿ ಕೆಳಗಿನ ಊರುಗಳ ಜನ ಮೀನು ಸತ್ತು ತೇಲಿದವು, ಮೈ ಕೆರೆಯುತ್ತದೆ, ದನ ನೀರು ಮೂಸಿ ಹಿಂದೆ ಸರಿಯುತ್ತವೆ ಎಂದು ದೂರಿದರು. ಎಸ್. ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯ ಆ ದೂರನ್ನು ಹೋರಾಟವಾಗಿಸಿತು. ಅದೇ ಕಾರ್ಖಾನೆಗೆ ನೀಲಗಿರಿ ಬೆಳೆಯಲು ಊರ ಗೋಮಾಳಗಳು ಹೋದಾಗ, 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ಮಾಡಿದರು. ತಮಗಾದ ಹಾನಿಯನ್ನು ತಾವೇ ಅಳೆದು ಹೇಳಿದ ಜನ ಅವರು. ಇಂದು ಅಳೆಯುವವರು ಹೊರಗಿನಿಂದ ಬರುತ್ತಾರೆ, ನನ್ನಂತೆ.

ಈಗ ಕಾನೂನಿನ ಮಾತು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. 2021ರಿಂದ ದೊಡ್ಡ ಯೋಜನೆಗಳ ಪರಿಣಾಮವನ್ನು ಸ್ವತಂತ್ರ ಸಂಸ್ಥೆಯಿಂದ ಅಳೆಸಬೇಕೆಂಬ ನಿಯಮವೂ ಬಂದಿದೆ. ಒಳ್ಳೆಯದೇ. ಆದರೆ ಅಳೆಯುವವರಿಗೆ ಸಂಬಳ ಕೊಡುವವರು ಯಾರು? ಕಂಪನಿಯೇ. ಅದೇ ನಿಯಮಗಳಲ್ಲಿ ಇನ್ನೊಂದು ಮಾತಿದೆ, ಅದನ್ನು ನಮ್ಮವರು ಗಮನಿಸಬೇಕು: ಬೇರೆ ಕಾನೂನಿನ ಪ್ರಕಾರ ಮಾಡಲೇಬೇಕಾದ ಕೆಲಸವನ್ನು ಈ ಸಮಾಜಸೇವೆಯ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಹೊಲಸು ನೀರನ್ನು ಶುದ್ಧ ಮಾಡಿಯೇ ಬಿಡಬೇಕೆಂಬುದು 1974ರ ಜಲ ಕಾಯ್ದೆಯಿಂದ ಬಂದ ಹೊಣೆ. ಅದು ಸೇವೆಯಲ್ಲ, ಸಾಲ.

ನಾವು ದಾಸೋಹದ ಮಕ್ಕಳು. ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ ಎಂಬ ಭಾವವನ್ನೇ ಅಳಿಸಲು ಶರಣರು ದಾನದ ಜಾಗದಲ್ಲಿ ದಾಸೋಹವನ್ನು ತಂದರು. ದಾಸೋಹಕ್ಕೆ ಸತ್ಯಶುದ್ಧ ಕಾಯಕದ ಗಳಿಕೆಯೇ ಬೇಕು ಎಂದರು. ಹಾಗಿರುವಾಗ ಯಾರದೇ ಕಾರ್ಖಾನೆಯಾಗಲಿ, ಹೊಳೆ ಕೆಡಿಸಿದವರು ಅದೇ ಹೊಳೆಯವರಿಗೆ ನೀರಿನ ಘಟಕ ಕೊಟ್ಟರೆ ನಾವು ವೇದಿಕೆಗೆ ಕರೆದು ‘ದಾಸೋಹಮೂರ್ತಿ’ ಎಂದು ಶಾಲು ಹೊದಿಸುವುದು ಹೇಗೆ? ಘಟಕ ಬೇಡವೆನ್ನುತ್ತಿಲ್ಲ. ಬಾಯಾರಿದವರು ಕುಡಿಯಲಿ. ಸಾಲಗಾರ ಕಂತು ಕಟ್ಟಿದರೆ ರಸೀದಿ ಕೊಡೋಣ. ಕಂತಿಗೆ ಮೆರವಣಿಗೆ ಯಾಕೆ?

ಹಾಗೆಂದು ಎಲ್ಲ ಪಾಪವನ್ನು ಕಾರ್ಖಾನೆಗಳ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವಂತಿಲ್ಲ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 351 ಮಲಿನ ನದಿಭಾಗಗಳನ್ನು ಪಟ್ಟಿ ಮಾಡಿದಾಗ ಹರಿಹರದಿಂದ ಹರಳಹಳ್ಳಿಯವರೆಗಿನ ತುಂಗಭದ್ರೆಯೂ ಅದರಲ್ಲಿತ್ತು. ನಮ್ಮ ಪಟ್ಟಣಗಳ ಚರಂಡಿಯೂ ಅದೇ ಹೊಳೆಯ ಕಡೆಗೇ ಹರಿಯುತ್ತದೆ. ಜಾತ್ರೆ ಮುಗಿದ ಮರುದಿನ ದಂಡೆಯ ಮೇಲೆ ಬಿದ್ದ ಪ್ಲಾಸ್ಟಿಕ್ ಎಲೆಗಳನ್ನು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಹಾವೇರಿ, ರಾಣೆಬೆನ್ನೂರಿನ ನಲ್ಲಿಗಳಿಗೆ ಬರುವ ನೀರೂ ಇದೇ ಹೊಳೆಯದು.

ನೆರವು ಯಾರಿಗೆ ಸಲ್ಲಬೇಕು ಎಂಬಲ್ಲಿ ಗಡಿಯ ತೊಡಕು ಶುರುವಾಗುತ್ತದೆ. ಹೊಳೆ ಗಡಿ ನೋಡಿ ಹರಿಯುವುದಿಲ್ಲ, ಫಲಾನುಭವಿಗಳ ಪಟ್ಟಿ ಮಾತ್ರ ಗಡಿಯಲ್ಲಿ ನಿಲ್ಲುತ್ತದೆ. ಕಾಸರಗೋಡಿನ ಎಣ್ಮಕಜೆಯ ಕನ್ನಡಿಗರನ್ನು ನೆನೆಯಿರಿ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಅಲ್ಲಿಯೂ ಬಿತ್ತು, ನಮ್ಮ ದಕ್ಷಿಣ ಕನ್ನಡದ ಕೊಕ್ಕಡದಲ್ಲಿಯೂ ಬಿತ್ತು. ವಿಷ ಒಂದೇ, ಪರಿಹಾರದ ಲೆಕ್ಕ ಮಾತ್ರ ಎರಡು ಸರ್ಕಾರಗಳದ್ದು. ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡಿರೆಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಆದೇಶಿಸಿತು. 2022ರಲ್ಲಿ ಅದೇ ನ್ಯಾಯಾಲಯ ಮತ್ತೆ ಗದರಬೇಕಾಯಿತು. ನಮ್ಮಲ್ಲಿಯೂ ಐರಣಿಯವರನ್ನು ಒಂದು ಜಿಲ್ಲೆ ಎಣಿಸುತ್ತದೆ, ಎದುರು ದಂಡೆಯವರನ್ನು ಇನ್ನೊಂದು. ಅದೇ ನೀರು ಮುಂದೆ ರಾಯಚೂರು ದಾಟಿ ಕರ್ನೂಲಿಗೂ ಹೋಗುತ್ತದೆ.

ಅಂಬಿಗರ ಚೌಡಯ್ಯ ಶರಣರ ಚೌಡದಾನಪುರ ಇರುವುದು ಇದೇ ದಂಡೆಯಲ್ಲಿ. ಹುಟ್ಟು ಹಾಕುವುದೇ ಕಾಯಕವಾಗಿದ್ದ ಶರಣ. ಅವನ ಕುಲದವರಲ್ಲಿ ಎಷ್ಟು ಜನ ಇಂದು ಬಲೆ ಬಿಟ್ಟು ಕೂಲಿಗೆ ಹೋಗುತ್ತಾರೆ ಎಂಬ ಅಂಕಣ ನಾನು ನೋಡಿದ ಆ ರಿಜಿಸ್ಟರಿನಲ್ಲಿ ಇರಲಿಲ್ಲ. ಕೆಟ್ಟದ್ದು ಒಬ್ಬನ ಕಣ್ಣಲ್ಲ, ಒಂದು ಸಮುದಾಯದ ಕಾಯಕ. ಕನ್ನಡಕ ಹಂಚಿದ ಸಂಖ್ಯೆಯಿಂದ ಅದನ್ನು ಅಳೆಯಲಾಗದು.

ಆದ್ದರಿಂದ ಮಠಗಳಿಗೆ ನನ್ನ ಬಿನ್ನಹ. ಕಂಪನಿಯ ಕಾರ್ಯಕ್ರಮಕ್ಕೆ ಸಾನ್ನಿಧ್ಯ ವಹಿಸುವ ಮುನ್ನ ಅಪ್ಪಗಳು ನೀರಿನ ಪರೀಕ್ಷೆಯ ವರದಿ ಕೇಳಲಿ. ಅದು ಕನ್ನಡದಲ್ಲಿ ಪಂಚಾಯಿತಿಯ ಗೋಡೆಯ ಮೇಲಿದೆಯೇ ಎಂದು ವಿಚಾರಿಸಲಿ. ಮಳೆಗಾಲದ ತುಂಬು ಹೊಳೆಯ ವರದಿ ಬೇಡ, ಏಪ್ರಿಲಿನಲ್ಲಿ ನೀರು ಬತ್ತಿದಾಗಿನದು ಬೇಕು. ಮೀನು ಹಿಡಿಯುವವರು, ಬಟ್ಟೆ ಒಗೆಯುವವರು, ದನ ಕಾಯುವವರು ಇಲ್ಲದ ಮೌಲ್ಯಮಾಪನ ಸಭೆಗೆ ಮಠದ ಪಡಸಾಲೆ ಕೊಡಬಾರದು. ಇದರಿಂದ ಒಂದೆರಡು ದೇಣಿಗೆ ತಪ್ಪಬಹುದು, ಒಂದು ಕಲ್ಯಾಣ ಮಂಟಪ ತಡವಾಗಬಹುದು. ಆಗಲಿ.

ನನ್ನ ವರದಿಯನ್ನು ಹಿಂದಕ್ಕೆ ಕೊಡಿರೆಂದು ಮಠಕ್ಕೆ ಪತ್ರ ಬರೆದಿದ್ದೇನೆ. ಬರುವ ಬೇಸಿಗೆಯಲ್ಲಿ ಬಳಗದವರು ಮತ್ತೆ ಅದೇ ಹಳ್ಳಿಗೆ ಹೋಗುತ್ತಿದ್ದೇವೆ. ಈ ಸಲ ಬುತ್ತಿ ನಮ್ಮದೇ. ಮೊದಲು ಹೊಳೆಗೆ ಇಳಿಯುವುದು, ಆಮೇಲೆ ರಿಜಿಸ್ಟರ್. ಆ ಅಂಬಿಗ ಜೊತೆಗೆ ಬರುತ್ತೇನೆಂದು ಹೇಳಿದ್ದಾನೆ.