ಬಾಯಿಪಾಠವಲ್ಲ, ಎಣಿಕೆ

ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು, ಬರಹ, ಲೆಕ್ಕದ ಬುನಾದಿ ಸಿಗಬೇಕೆಂದು 2021ರ ಜುಲೈ 5ರಂದು ಆರಂಭವಾದ ಕೇಂದ್ರ ಸರ್ಕಾರದ ‘ನಿಪುಣ್ ಭಾರತ್’ ಯೋಜನೆ ಹಾಕಿಕೊಂಡ ಗಡುವು 2026–27ನೇ ಸಾಲು. ಒಂದನೇ ತರಗತಿಗೆ ಮುಂಚಿನ ಬಾಲವಾಟಿಕೆಯ ಮಗುವಿನಿಂದ ಲೆಕ್ಕದಲ್ಲಿ ಅದು ಬಯಸುವುದು ಹತ್ತರವರೆಗಿನ ಅಂಕಿ ಗುರುತಿಸಿ ಓದುವುದು, ವಸ್ತುಗಳನ್ನು ಕ್ರಮವಾಗಿ ಜೋಡಿಸುವುದು, ಇಷ್ಟೇ. ಗಡುವಿನ ಒತ್ತಡದಲ್ಲಿ ನೂರರವರೆಗೆ ಬಾಯಿಪಾಠ ಮಾಡಿಸುವ ಆತುರ ಹೆಚ್ಚೀತೆಂಬುದು ನಮ್ಮ ಆತಂಕ. ಹತ್ತರವರೆಗೆ ಸರಾಗವಾಗಿ ಹೇಳುವ ಮೂರು ವರ್ಷದ ಮಗು, ನಾಲ್ಕು ಕಡಲೆ ಕೊಡು ಎಂದರೆ ಹಿಡಿ ತುಂಬ ಕೊಡುವುದುಂಟು. ಒಂದು, ಎರಡು, ಮೂರರ ಅರ್ಥ ಅದಕ್ಕೆ ಒಂದೊಂದಾಗಿ, ತಿಂಗಳುಗಟ್ಟಲೆ ಅಂತರದಲ್ಲಿ ದಕ್ಕುತ್ತದೆ. ಎಣಿಸುವಾಗ ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟೆಂಬುದನ್ನು ಹೇಳುತ್ತದೆ ಎಂಬ ತಿಳಿವು ಮೂಡುವುದು ಸಾಮಾನ್ಯವಾಗಿ ನಾಲ್ಕರ ಆಸುಪಾಸಿನಲ್ಲಿ.

ನವಿ ಮುಂಬಯಿಯ ಕಾಮೋಠೆಯ ಕನ್ನಡ ಮನೆಯ ಮಗುವಿಗೆ ಇನ್ನೊಂದು ಹೊರೆಯೂ ಇದೆ. ಮನೆಯ ‘ಇಪ್ಪತ್ತೊಂದು’ ಹತ್ತುಗಳನ್ನು ಮೊದಲು ಹೇಳುತ್ತದೆ, ಮರಾಠಿಯ ‘ಏಕವೀಸ್’ ಬಿಡಿಯನ್ನು. ಇಂಗ್ಲಿಷ್ ಮಾಧ್ಯಮವಾದರೆ ಮೂರನೆಯ ಹೆಸರೊಂದು. ಇದು ಸಣ್ಣ ತೊಡಕಲ್ಲ: ಮರಾಠಿ ಮಕ್ಕಳಿಗೇ ಸುಲಭವಾಗಲೆಂದು 2019ರಲ್ಲಿ ರಾಜ್ಯದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಎರಡನೇ ತರಗತಿ ಪುಸ್ತಕ ‘ವೀಸ್ ಏಕ್’ ಎಂದಾಗ ಮಹಾರಾಷ್ಟ್ರದಲ್ಲಿ ವಿವಾದವೇ ಎದ್ದಿತು. ಬಾಲವಾಡಿಯ ಮೊದಲ ಎಣಿಕೆ ಮನೆಮಾತಿನಲ್ಲಿ, ಕೈಗೆ ಸಿಗುವ ಗೋಲಿ, ಹುಣಸೆ ಬೀಜಗಳೊಂದಿಗೆ ನಡೆಯಬೇಕೆಂಬುದು ನಮ್ಮ ಸ್ಪಷ್ಟ ನಿಲುವು. ಒಂದನೇ ತರಗತಿಯ ಪ್ರವೇಶಕ್ಕೆ ನೂರರವರೆಗೆ ಬರೆಸಿ ನೋಡುವ ಪದ್ಧತಿ ಎಲ್ಲಿದ್ದರೂ ನಿಲ್ಲಬೇಕು. ಶಿಕ್ಷಕಿಗೆ ಕನ್ನಡ ಬಾರದಿದ್ದರೆ ವಾರಕ್ಕೊಮ್ಮೆ ಮಗುವಿನ ಅಜ್ಜಿಯನ್ನೋ ತಾಯಿಯನ್ನೋ ತರಗತಿಗೆ ಕರೆಯಲಿ.