ಆಪರೇಷನ್ ಆದವರಿಗೆ ಪ್ರತ್ಯೇಕ ನರ್ಸ್: ಬೇಕೇ, ಬೇಡವೇ?

ಅಂಡಾಶಯದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹೆಂಗಸರನ್ನು ಮನೆಗೆ ಹೋದ ಮೇಲೂ ನೋಡಿಕೊಳ್ಳಲು ವಿಶೇಷ ತರಬೇತಿ ಪಡೆದ ನರ್ಸ್ ಹುದ್ದೆಯನ್ನು ನಮ್ಮ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಸೃಷ್ಟಿಸಬೇಕೇ?

ಪರ

ಈ ಕಾಯಿಲೆ ಗೊತ್ತಾಗುವ ಹೊತ್ತಿಗೆ ಹೆಚ್ಚಿನವರಲ್ಲಿ ಮೂರನೇ ಹಂತ ದಾಟಿಯೋ ಮುಟ್ಟಿಯೋ ಇರುತ್ತದೆ. ಹಾಗಾಗಿ ಅಂಡಾಶಯದ ಜೊತೆ ಗರ್ಭಕೋಶ, ಕರುಳ ಮೇಲೆ ಹೊದ್ದಿರುವ ಕೊಬ್ಬಿನ ಪದರ, ಕೆಲವರಿಗೆ ಕರುಳಿನ ತುಂಡೂ ಹೋಗುತ್ತದೆ. ಹೊಕ್ಕುಳ ಪಕ್ಕದಲ್ಲೇ ಹಾದು ಇಳಿಯುವ ಉದ್ದದ ಹೊಲಿಗೆ. ಮೈ ಸುಧಾರಿಸುವ ಮುನ್ನವೇ ಕೀಮೋ ಶುರು, ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ.

ಡಿಸ್ಚಾರ್ಜ್ ದಿನ ಕೈಗೆ ಬರುವುದು ಇಂಗ್ಲಿಷಿನ ಸಮ್ಮರಿ ಮತ್ತು ಮಾತ್ರೆಯ ಕವರು. ಮುಂದಿನದೆಲ್ಲ ಮನೆಯವರ ಅಂದಾಜು. ಕೀಮೋ ಆಗಿ ಹತ್ತನೇ ದಿನ 101 ಡಿಗ್ರಿ ಜ್ವರ ಬಂದರೆ ಡೋಲೋ ಕೊಟ್ಟು ಮಲಗಿಸುತ್ತಾರೆ. ಬಿಳಿ ರಕ್ತಕಣ ಕುಸಿದಿರುವ ಆ ದಿನಗಳಲ್ಲಿ ಅದು ಕೂಡಲೇ ಆಸ್ಪತ್ರೆಗೆ ಓಡಬೇಕಾದ ಜ್ವರ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಜೀರಿಗೆ ಕಷಾಯ. ಕರುಳು ಕಟ್ಟಿಕೊಂಡಿರಬಹುದೆಂದು ಹೇಳುವವರು ಯಾರು? ನಲವತ್ತರ ಹೆಣ್ಣುಮಗಳಿಗೆ ಮುಟ್ಟು ರಾತ್ರೋರಾತ್ರಿ ನಿಂತು, ಬೆವರಲ್ಲಿ ತೊಯ್ದು ಎಚ್ಚರವಾದರೆ ‘ಉಷ್ಣ ಆಗಿದೆ’ ಎಂದು ಎಳನೀರು. ಗಂಡನ ಜೊತೆ ಮತ್ತೆ ಮಲಗಬಹುದೇ ಎಂಬುದನ್ನು ಅತ್ತೆ ಪಕ್ಕದಲ್ಲಿ ಕೂತಿರುವಾಗ ಡಾಕ್ಟರನ್ನು ಕೇಳುವುದುಂಟೇ? ಸಿಸ್ಟರ್ ಒಬ್ಬರೇ ಸಿಕ್ಕಾಗ ಕೇಳುತ್ತಾರೆ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ನರ್ಸಿಂಗ್ ಪ್ರಾಧ್ಯಾಪಕಿ ರೂತ್ ಮೆಕಾರ್ಕಲ್ ಮತ್ತು ಸಂಗಡಿಗರು ಸ್ತ್ರೀರೋಗ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾದ 123 ಮಹಿಳೆಯರ ಅಧ್ಯಯನವನ್ನು 2009ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಆರು ತಿಂಗಳು ವಿಶೇಷ ನರ್ಸ್‌ಗಳ ಆರೈಕೆ ಸಿಕ್ಕಿತು. ‘ಮುಂದೇನೋ’ ಎಂಬ ತಳಮಳ ಆ ಗುಂಪಿನಲ್ಲಿ ಕಡಿಮೆಯಾಯಿತು.

ವಿರೋಧ

ಆ ಅಧ್ಯಯನವನ್ನು ಪೂರ್ತಿ ಓದಬೇಕು. ಇನ್ನೊಂದು ಗುಂಪಿನವರನ್ನೂ ಬರಿಗೈಲಿ ಕಳಿಸಿರಲಿಲ್ಲ. ಲಕ್ಷಣಗಳನ್ನು ನಿಭಾಯಿಸುವ ಕೈಪಿಡಿ ಕೊಟ್ಟು, ಆಗಾಗ ಫೋನ್ ಮಾಡುತ್ತಿದ್ದರು. ನಮ್ಮಲ್ಲಿ ಅಷ್ಟಾದರೂ ಇದೆಯೇ? ಒಳ್ಳೆಯ ಕನ್ನಡದಲ್ಲಿ ನಾಲ್ಕು ಪುಟದ ಕೈಪಿಡಿ, ‘ಈ ಜ್ವರಕ್ಕೆ ಕಾಯಬೇಡಿ’ ಎಂದು ದಪ್ಪಕ್ಷರದ ಸಾಲು, ಹಗಲು ರಾತ್ರಿ ಎತ್ತುವ ಒಂದು ನಂಬರ್. ಹೊಸ ಹುದ್ದೆಗಿಂತ ಮೊದಲು ಇದಾಗಲಿ.

ಎರಡನೆಯದು, ವಾರ್ಡ್. ರಾತ್ರಿ ಪಾಳಿಯಲ್ಲಿ ಒಬ್ಬ ಸಿಸ್ಟರ್ ಎಷ್ಟು ಹಾಸಿಗೆ ನೋಡುತ್ತಾರೆಂಬುದು ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ರಾತ್ರಿ ಕಳೆದವರಿಗೆಲ್ಲ ಗೊತ್ತು. ವಿಶೇಷ ಹುದ್ದೆಗೆ ಹೋಗುವವರು ಅದೇ ವಾರ್ಡಿನ ಅನುಭವಿಗಳೇ. ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ನವರ ಸಂಖ್ಯೆ ಇನ್ನೂ ದೊಡ್ಡದು; ಪಕ್ಕದ ಹಾಸಿಗೆಯ ಆಕೆಗೆ ‘ನಿಮಗಲ್ಲ, ಇವರಿಗೆ’ ಎನ್ನುವುದು ಹೇಗೆ?

ಮೂರನೆಯದು ದೂರ. ನರ್ಸ್ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ, ರೋಗಿ ಬೀದರ್‌ನ ಹಳ್ಳಿಯಲ್ಲಿ. ಜಿಲ್ಲಾಸ್ಪತ್ರೆಗಳಲ್ಲೆಲ್ಲ ಮೂರು ವರ್ಷದೊಳಗೆ ಡೇ ಕೇರ್ ಕ್ಯಾನ್ಸರ್ ಕೇಂದ್ರ ತೆರೆಯುವುದಾಗಿ 2025-26ರ ಕೇಂದ್ರ ಬಜೆಟ್ ಹೇಳಿದೆ. ಹಣವನ್ನು ಅಲ್ಲಿನ ಸಿಬ್ಬಂದಿಗೂ ಊರಿನ ಸಮುದಾಯ ಆರೋಗ್ಯ ಅಧಿಕಾರಿಗೂ ತರಬೇತಿ ಕೊಡಲು ಹಾಕಿದರೆ ಎಲ್ಲ ಕ್ಯಾನ್ಸರ್‌ನವರಿಗೂ ದಕ್ಕುತ್ತದೆ.

ಪರದವರ ಮರುಮಾತು

ಕೈಪಿಡಿಯ ಮಾತು ಒಪ್ಪಿದೆ. (ಅದು ಇನ್ನೂ ಆಗಿಲ್ಲವೆಂಬುದು ನಾಚಿಕೆಯ ಸಂಗತಿ.) ಆದರೆ ಬಿಪಿ, ಶುಗರ್, ಬಾಣಂತಿಯರ ನಡುವೆ ದಿನ ದೂಡುವ ಸಮುದಾಯ ಆರೋಗ್ಯ ಅಧಿಕಾರಿ ವರ್ಷಗಟ್ಟಲೆ ಇಂಥ ಒಬ್ಬ ರೋಗಿಯನ್ನೂ ಕಾಣದಿರಬಹುದು. ಮಲ ಹೊರಬರಲು ಹೊಟ್ಟೆಗೆ ಅಂಟಿಸಿದ ಸ್ಟೋಮಾ ಚೀಲದ ಸುತ್ತ ಚರ್ಮ ಕೆಂಪಾಗಿದೆ, ಏನು ಮಾಡಲಿ ಎಂದು ರೋಗಿ ಯಾರಿಗೆ ಫೋನ್ ಮಾಡಬೇಕು? ಕಾಯಿಲೆ ವಂಶದಲ್ಲಿ ಹರಿಯುತ್ತದೆಯೇ ಎಂದು ನೋಡುವ ಬಿಆರ್‌ಸಿಎ ಜೀನ್ ಪರೀಕ್ಷೆಯಲ್ಲಿ ದೋಷ ಕಂಡರೆ ರೋಗಿಯ ಮಗಳನ್ನೂ ತಂಗಿಯನ್ನೂ ಕರೆಸಿ ಕೂರಿಸಿ ಮಾತಾಡುವವರು ಯಾರು? ಕೈಪಿಡಿ ಆ ಕೆಲಸ ಮಾಡದು. ಅಂಡಾಶಯಕ್ಕೊಂದೇ ಬೇಡವೆಂದರೆ ಸ್ತ್ರೀರೋಗ ಕ್ಯಾನ್ಸರ್‌ಗಳಿಗೆಲ್ಲ ಸೇರಿಸಿ ಹುದ್ದೆ ಮಾಡಿ.

ವಿರೋಧದವರು ಇಲ್ಲಿ ಅರ್ಧ ಒಪ್ಪುತ್ತಾರೆ, ನನ್ನ ಮನಸ್ಸೂ ಇಂಥ ಹುದ್ದೆಯತ್ತಲೇ ವಾಲುತ್ತದೆ. ಅವರ ಷರತ್ತು ಒಂದೇ, ಅದು ನ್ಯಾಯವಾದದ್ದೂ ಹೌದು: ಗುತ್ತಿಗೆಯ ಹುದ್ದೆ ಬೇಡ, ವಾರ್ಡಿನಿಂದ ಹೋದ ಸಿಸ್ಟರ್ ಜಾಗಕ್ಕೆ ಹೊಸಬರ ನೇಮಕವಾಗಲಿ, ರಜೆಯ ದಿನ ಆ ಫೋನ್ ಯಾರ ಕೈಲಿರಬೇಕೆಂಬುದನ್ನೂ ಆದೇಶದಲ್ಲೇ ಬರೆಯಲಿ.